ಸಾವ್ಕಾರನೂ ಬೇಡ, ಸರ್ಕಾರವೂ ಬೇಡ: ಸರಿ, ಆಮೇಲೆ?

ಬಂಡವಾಳಶಾಹಿಗೆ ಪರ್ಯಾಯವೇನು ಎಂದು ಕೇಳಿದೊಡನೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳು ಬರುತ್ತವೆ. ಎಲ್ಲವನ್ನೂ ಸರ್ಕಾರದ ಕೈಗೆ ಕೊಡಿ ಎನ್ನುತ್ತಾರೆ ಎಡಪಂಥೀಯ ಗೆಳೆಯರು. ಬಡ್ಡಿ ಬಿಡಿ, ಝಕಾತ್ ಕೊಡಿ ಎನ್ನುತ್ತಾರೆ ನಮ್ಮ ಮೌಲಾನಾಗಳು. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಆದರೆ ಇಬ್ಬರ ಲೆಕ್ಕದಲ್ಲೂ ದುಡಿಯುವವಳು ಕೈಯೊಡ್ಡುವವಳೇ: ಒಮ್ಮೆ ಕಚೇರಿಯ ಮುಂದೆ, ಇನ್ನೊಮ್ಮೆ ರಮಜಾನಿನಲ್ಲಿ ಉಳ್ಳವರ ಬಾಗಿಲಲ್ಲಿ. ಕೂಲಿಯನ್ನು ತಡಮಾಡದೆ ಕೊಡಬೇಕೆಂದು ಪ್ರವಾದಿಯವರು ಕಲಿಸಿದರು. ಆ ಕೂಲಿಯ ದರವನ್ನು ಯಾರು ಗೊತ್ತುಮಾಡಬೇಕು ಎಂಬ ಮಾತನ್ನು ಮಾತ್ರ ಜುಮಾ ಭಾಷಣದಲ್ಲಿ ನಾನಂತೂ ಕೇಳಿಲ್ಲ.

ಮೂರನೆಯ ಉತ್ತರವೊಂದಿದೆ, ಸ್ವಾತಂತ್ರ್ಯವಾದಿ ಸಮಾಜವಾದ. ಮಾಲೀಕ ಎದ್ದುಹೋದ ಕುರ್ಚಿಯಲ್ಲಿ ಅಧಿಕಾರಿ ಬಂದು ಕೂತರೆ ಕೂಲಿಯವನಿಗೆ ಏನು ಬದಲಾಯಿತು ಎಂದು ಅದು ಕೇಳುತ್ತದೆ. ಹೊಲ, ಕಾರ್ಖಾನೆ ದುಡಿಯುವವರದಾಗಬೇಕು, ತೀರ್ಮಾನವೂ ಅವರದೇ ಆಗಬೇಕು. ರಷ್ಯಾದ ಬಕುನಿನ್, ಕ್ರೊಪಾಟ್ಕಿನ್ ಇದನ್ನು ವಾದಿಸಿದರು. 1936ರಲ್ಲಿ ಸ್ಪೇನಿನ ಕ್ಯಾಟಲೋನಿಯಾದ ಕಾರ್ಮಿಕರು ಕೆಲಕಾಲ ಮಾಡಿಯೂ ತೋರಿಸಿದರು. ಕಾಗೋಡು ಸತ್ಯಾಗ್ರಹವನ್ನು, ಅಧಿಕಾರವನ್ನು ಹಳ್ಳಿಯವರೆಗೆ ಹಂಚಬೇಕೆಂಬ ಲೋಹಿಯಾರ ಚೌಖಂಬಾ ಮಾತನ್ನು ಬಲ್ಲ ಕನ್ನಡಿಗರಿಗೆ ಇದು ತೀರಾ ಹೊಸದಲ್ಲ.

ನಮ್ಮ ಹಳ್ಳಿಗಳಲ್ಲಿ ಇದು ಮೊದಲಿನಿಂದಲೂ ಇತ್ತು ಎನ್ನುವವರಿದ್ದಾರೆ. ಹಲವಾಗಲಿನಂಥ ಹೊಳೆಸಾಲಿನ ಊರಿನ ಮುಯ್ಯಾಳು ಪದ್ಧತಿಯನ್ನು ತೋರಿಸುತ್ತಾರೆ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ನಡುವೆ ದುಡ್ಡಿಲ್ಲ, ಸಾಹೇಬರಿಲ್ಲ. ಚೆಂದವೇ. ಆದರೆ ಮುಯ್ಯಿ ತೀರಿಸಲು ಹೊಲ ಇರಬೇಕಲ್ಲ! ಹೊಲವಿಲ್ಲದವನ ಪಾಲಿಗೆ ಬಂದದ್ದು ಜೀತ. ಈ ಹಳೆಯ ಹಳ್ಳಿಯ ಹಾಡನ್ನು ಹಾಡುವವರು ಊರ ಹೊರಗಿನ ಕೇರಿಯನ್ನು ಮರೆಯುತ್ತಾರೆ.

ಬಿಟ್ಟು ಬೀಡಿಗೆ ಬರೋಣ. ಹರಪನಹಳ್ಳಿ ಪೇಟೆಯ ಓಣಿಗಳಲ್ಲಿ ಬೀಡಿ ಕಟ್ಟುವ ಹೆಂಗಸರಲ್ಲಿ ನಮ್ಮವರು ಬಹಳ. ಎಲೆ, ತಂಬಾಕು ಏಜೆಂಟನದು. ಕತ್ತರಿ, ಬೆನ್ನು, ಕೆಮ್ಮು ಇವರದು. ಎಲೆ ಸಾಲದಿದ್ದರೆ ಕೈಯಿಂದ ದುಡ್ಡು ಹಾಕಿ ತರಬೇಕು. ಕಳಪೆ ಎಂದು ಬದಿಗಿಟ್ಟ ಬೀಡಿಗೆ ಕೂಲಿಯಿಲ್ಲ, ಆ ಬೀಡಿ ವಾಪಸ್ಸೂ ಬರುವುದಿಲ್ಲ. ಇದಕ್ಕಿಂತ ಶುದ್ಧವಾದ ಬಂಡವಾಳಶಾಹಿಯನ್ನು ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ.

ಪರ್ಯಾಯವೂ ಬೀಡಿಯಲ್ಲೇ ಹುಟ್ಟಿತು. 1966ರ ಬೀಡಿ ಕಾರ್ಮಿಕರ ಕಾಯ್ದೆಯನ್ನು ಕೇರಳ ಜಾರಿಗೆ ತಂದಾಗ, 1968ರಲ್ಲಿ ಮಂಗಳೂರಿನ ಗಣೇಶ ಬೀಡಿ ಕಂಪನಿ ಕಣ್ಣೂರಿನ ಕೆಲಸ ನಿಲ್ಲಿಸಿತು. ಸುಮಾರು 12 ಸಾವಿರ ಜನ ಬೀದಿಗೆ ಬಿದ್ದರು. ಅವರು ಸೇರಿ 1969ರಲ್ಲಿ ಕಟ್ಟಿದ್ದು ದಿನೇಶ್ ಬೀಡಿ ಸಹಕಾರಿ. ಒಂದು ಕಾಲಕ್ಕೆ ಅದರಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿ ದುಡಿದರು. ಕಣ್ಣೂರಿನ ಬೀಡಿ ಶೆಡ್ಡುಗಳಲ್ಲಿ ಒಬ್ಬ ಪತ್ರಿಕೆ ಓದುತ್ತಿದ್ದ, ಉಳಿದವರು ಅವನ ಪಾಲಿನ ಬೀಡಿಯನ್ನೂ ಕಟ್ಟುತ್ತಿದ್ದರು. ಒಟ್ಟಿಗೆ ಕೂತದ್ದರಿಂದಲೇ ಪತ್ರಿಕೆ, ಚರ್ಚೆ, ಸಂಘ ಎಲ್ಲ ಸಾಧ್ಯವಾಯಿತು.

ಸರ್ಕಾರವೇ ಬೇಡ ಎನ್ನುವ ಗೆಳೆಯರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಸಹಕಾರಿಗೆ ಷೇರು ಹಣದ ಸಾಲ ಕೊಟ್ಟದ್ದು ಸರ್ಕಾರ. ಅದಕ್ಕೆ ಕಷ್ಟ ತಂದದ್ದು ಕಾನೂನು ಮುಟ್ಟದ ಕಡೆ ಅಗ್ಗದ ಕೂಲಿಗೆ ಮನೆಯಲ್ಲಿ ಕಟ್ಟಿಸಿದ ಬೀಡಿ. ಹರಪನಹಳ್ಳಿಯ ಹೆಂಗಸಿನ ಕೂಲಿ ಬಿದ್ದರೆ ಕಣ್ಣೂರಿನವಳದೂ ಅಲುಗುತ್ತದೆ. ಕನಿಷ್ಠ ವೇತನ, ಪಿ.ಎಫ್. ಎಂಬ ನೆಲವಿಲ್ಲದೆ ಈ ಸ್ವಾತಂತ್ರ್ಯದ ಮನೆ ನಿಲ್ಲದು. ಆ ನೆಲವೂ ಸಡಿಲವಾಗುತ್ತಿದೆ. ಬೀಡಿಯ ಕಲ್ಯಾಣ ಸೆಸ್ 2017ರಲ್ಲಿ ಜಿ.ಎಸ್.ಟಿ. ಬಂದಾಗ ಹೋಯಿತು, 1966ರ ಕಾಯ್ದೆ 2025ರ ನವೆಂಬರಿನಲ್ಲಿ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿ ಕರಗಿತು.

ಸರ್ಕಾರವೇ ಸಾಕು ಎನ್ನುವವರಿಗೂ ಒಂದು ಮಾತಿದೆ. 1905ರಲ್ಲಿ ಗದಗದ ಬಳಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಆಮೇಲೆ 1959ರ ಕಾಯ್ದೆಯಡಿ ಸಂಘದ ಕೀಲಿಕೈ ಇಲಾಖೆಯ ಸೊಂಟಕ್ಕೆ ಸೇರಿತು. ಅದರಿಂದ ಬಿಡಿಸಲು 1997ರಲ್ಲಿ ಸೌಹಾರ್ದ ಕಾಯ್ದೆ ಮಾಡಿದರು. ಸ್ವಾತಂತ್ರ್ಯವೇನೋ ಸಿಕ್ಕಿತು, ಸಿಕ್ಕಿದ್ದು ಯಾರಿಗೆ? ಪೇಟೆಯ ಸೌಹಾರ್ದಗಳ ಬೋರ್ಡು ನೋಡುತ್ತ ಹೋಗಿ: ಠೇವಣಿ, ಸಾಲ, ಬಡ್ಡಿ. ಬೀಡಿ ಕಟ್ಟುವವರ ಸೌಹಾರ್ದ ಎಂಬ ಬೋರ್ಡನ್ನು ನಾನು ನೋಡಿಲ್ಲ. ಒಡೆತನವಿಲ್ಲದ ಸ್ವಾತಂತ್ರ್ಯ ಹಣವಿದ್ದವನ ಕೈಗೆ ಹೋಗುತ್ತದೆ, ಸ್ವಾತಂತ್ರ್ಯವಿಲ್ಲದ ಒಡೆತನ ಇಲಾಖೆಯ ಕೈಗೆ. ಎರಡನ್ನೂ ಒಟ್ಟಿಗೆ ಕೇಳುವ ಸ್ವಾತಂತ್ರ್ಯವಾದಿ ಸಮಾಜವಾದ ಈ ಒಂದು ವಿಷಯದಲ್ಲಿ ಉಳಿದೆಲ್ಲ ವಾದಗಳಿಗಿಂತ ಸರಿ.

ಬೀಡಿ ಸೇದುವವನ ಎದೆಯನ್ನೂ ಕಟ್ಟುವವಳ ಎದೆಯನ್ನೂ ಸುಡುವ ವಸ್ತು, ಅದನ್ನು ಶಾಶ್ವತವಾಗಿ ಉಳಿಸಿ ಎನ್ನುತ್ತಿಲ್ಲ. ದಿನೇಶ್ ಸಹಕಾರಿಯೂ ಛತ್ರಿ, ಆಹಾರ ಪದಾರ್ಥಗಳತ್ತ ತಿರುಗಿತು. ಆದರೆ ಬೇರೆ ಕಸುಬು ಹಿಡಿಯಲು ಮೊದಲು ಹತ್ತು ಮಂದಿ ಒಂದೆಡೆ ಕೂರಬೇಕು, ಲೆಕ್ಕ ತಮ್ಮ ಕೈಯಲ್ಲೇ ಬರೆದುಕೊಳ್ಳಬೇಕು. ನಮ್ಮ ಊರುಗಳ ಶಾದಿಮಹಲುಗಳು ಮದುವೆಯಿಲ್ಲದ ದಿನ ಬೀಗ ಹಾಕಿಕೊಂಡಿರುತ್ತವೆ. ಒಂದು ಕೋಣೆ ಈ ಹೆಂಗಸರಿಗೆ ಬಿಟ್ಟುಕೊಡಿ ಎಂದರೆ ಜಮಾತಿನ ಹಿರಿಯರು ಪರ್ದಾದ ಮಾತೆತ್ತುವರು. ಹೆಂಗಸರೇ ಕೂರುವ ಕೋಣೆಯಲ್ಲಿ ಪರ್ದಾಕ್ಕೆ ಏನು ಅಡ್ಡಿ? ಏಜೆಂಟನ ಮುಂದೆ ಬೀಡಿ ಎಣಿಸಿ ಕೊಡಲು ಅವರು ದಿನವೂ ನಿಂತಿರುವಾಗ ಈ ಮಾತನ್ನು ಯಾರೂ ಎತ್ತಿದ್ದಿಲ್ಲ.