ಕಿವುಡು ಹಣೆಬರಹವಲ್ಲ

ನಾವು ಮೇಷ್ಟರಾಗಿದ್ದ ಕಾಲದಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬನನ್ನು, ಕರೆದರೆ ಓಗೊಡದ ಪೆದ್ದನೆಂದು ಎಷ್ಟೋ ಸಲ ಹೊಡೆದಿದ್ದೇವೆ. ಅವನ ಕಿವಿ ಸೋರುತ್ತಿತ್ತು. ತಮಟೆಯಲ್ಲಿ ತೂತು ಬಿದ್ದಿದೆಯೆಂದು ಆಸ್ಪತ್ರೆಯಲ್ಲಿ ಹೇಳುವ ವೇಳೆಗೆ ಅವನು ಶಾಲೆ ಬಿಟ್ಟಾಗಿತ್ತು. ತಪ್ಪು ಅವನದಲ್ಲ, ನಮ್ಮದು.

ತಮಟೆಯೆಂದರೆ ಕಿವಿಯೊಳಗಿನ ತೆಳು ಪೊರೆ. ಶಬ್ದ ಬಡಿದಾಗ ಅದು ನಡುಗುತ್ತದೆ. ಆ ನಡುಕವನ್ನು ಮೂರು ಪುಟ್ಟ ಮೂಳೆಗಳು ಒಳಗಿವಿಗೆ ಮುಟ್ಟಿಸುತ್ತವೆ. ಮಕ್ಕಳ ನೆಗಡಿ ಕಿವಿಗಿಳಿದು ಕೀವಾದರೆ, ಕಪಾಳಕ್ಕೆ ಬಲವಾದ ಏಟು ಬಿದ್ದರೆ, ಕಡ್ಡಿ ಚುಚ್ಚಿದರೆ ಪೊರೆ ಹರಿಯಬಹುದು. ಸಣ್ಣ ತೂತು ಎಷ್ಟೋ ಸಲ ತಾನಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ ವೈದ್ಯರು ಕಿವಿಯ ಮೇಲ್ಗಡೆಯ ಸ್ನಾಯುವಿನ ಹೊದಿಕೆಯಿಂದ ಚೂರು ತೆಗೆದು, ಹರಿದ ಅಂಗಿಗೆ ತೇಪೆ ಹಾಕಿದಂತೆ ಹಾಕುತ್ತಾರೆ. ಜರ್ಮನಿಯ ವುಲ್‌ಸ್ಟೈನ್, ಝೋಲ್ನರ್ ಎಂಬ ವೈದ್ಯರು 1950ರ ದಶಕದಲ್ಲಿಯೇ ಈ ವಿದ್ಯೆಗೆ ತಳಹದಿ ಹಾಕಿದರು. ತೇಪೆ ಹೆಚ್ಚಿನವರಲ್ಲಿ ಕೂಡಿಕೊಳ್ಳುತ್ತದೆ. ಎಲ್ಲರಿಗೂ ಮೊದಲಿನಷ್ಟೇ ಕೇಳಿಸುತ್ತದೆಂದು ಹೇಳಲಾಗದು. ಆದರೆ ಸೋರುವ ಕಿವಿಗೆ ಬಿಸಿ ಎಣ್ಣೆ ಸುರಿಯುತ್ತ ವರ್ಷ ಕಳೆಯುವುದಂತೂ ಬೇಡ.

ಹಾಗಾದರೆ ಬಡವನ ಕಿವಿ ಏಕೆ ಇನ್ನೂ ಸೋರುತ್ತಿದೆ? ಆಪರೇಷನ್ನಿನ ಖರ್ಚಿಗೆ ಇ.ಎಸ್.ಐ. ಇದೆ, 2018ರಲ್ಲಿ ಆಯುಷ್ಮಾನ್ ಭಾರತ ಯೋಜನೆಯೂ ಬಂದಿತು. ಆದರೆ ಆಪರೇಷನ್ ಆದ ಮೇಲೆ ಕೆಲವು ವಾರ ಭಾರ ಎತ್ತಬಾರದು, ಕಿವಿಗೆ ನೀರು ಬೀಳಬಾರದು. ಆ ದಿನಗಳ ಅನ್ನಕ್ಕೇನು ಗತಿ? ಇ.ಎಸ್.ಐ. ಕಾರ್ಮಿಕನಿಗೆ ಕಾಯಿಲೆಯ ರಜೆಯಲ್ಲಿ ಕೂಲಿಯ ನೂರಕ್ಕೆ 70 ಭಾಗ ಸಿಗುತ್ತದೆ. ಹಾಜರಿ ಸಾಲದ ಬದಲಿ ಕೆಲಸಗಾರನಿಗೆ ಅದೂ ಇಲ್ಲ. ಅಂಗಡಿಯ ಬಾಗಿಲು ಹಾಕಿದ ಸಣ್ಣ ವ್ಯಾಪಾರಿಗೆ ಕೊಡುವವರಾರು?

ಇನ್ನೊಂದು ಮಾತು. ಮಗ್ಗದ ಸದ್ದಿನಿಂದ ಬರುವ ಕಿವುಡು ಬೇರೆ. ಅಲ್ಲಿ ಕೆಡುವುದು ತಮಟೆಯಲ್ಲ, ಒಳಗಿವಿಯ ಸೂಕ್ಷ್ಮ ಜೀವಕೋಶಗಳು. ಅವಕ್ಕೆ ಯಾವ ವೈದ್ಯನೂ ತೇಪೆ ಹಾಕಲಾರ. ಅದನ್ನು ಯಂತ್ರದ ಬಳಿಯಲ್ಲೇ ತಡೆಯಬೇಕು. ಸದ್ದು ತಗ್ಗಿಸುವುದು, ಕಿವಿಗೆ ರಕ್ಷಣೆ ಕೊಡುವುದು, ವರ್ಷಕ್ಕೊಮ್ಮೆ ಕಿವಿ ಪರೀಕ್ಷಿಸುವುದು ಮಾಲೀಕರ ಹೊಣೆ. ಅದನ್ನು ಕೇಳಿ ಪಡೆಯುವುದು ಸಂಘದ ಹೊಣೆ.

ಸರ್ಕಾರವನ್ನು ನಾವು ಕೇಳುವುದಿಷ್ಟೆ: ಪ್ರತಿಯೊಂದು ಶಾಲೆಯಲ್ಲೂ ಮಕ್ಕಳ ಕಿವಿ ಪರೀಕ್ಷೆ ನಡೆಯಲಿ, ಜಿಲ್ಲಾ ಆಸ್ಪತ್ರೆಯಲ್ಲಿ ತಡವಿಲ್ಲದೆ ಆಪರೇಷನ್ ಆಗಲಿ, ವಿಶ್ರಾಂತಿಯ ದಿನಗಳಿಗೆ ಬದಲಿಯವನಿಗೂ ವ್ಯಾಪಾರಿಗೂ ಪರಿಹಾರ ದೊರೆಯಲಿ.

ಬಂಧುಗಳೇ, ಮನೆಯಲ್ಲಿ ಕಿವಿ ಸೋರುವ ಮಗುವಿದ್ದರೆ ಈ ವಾರವೇ ವೈದ್ಯರಿಗೆ ತೋರಿಸಿ. ಕೇಳಿಸದವನನ್ನು ಪೆದ್ದನೆಂದು ಹೊಡೆಯುವ ತಪ್ಪನ್ನು ನಾವು ಮಾಡಿದೆವು, ನೀವು ಮಾಡಬೇಡಿ.