ತೊಗಲು ಉಳಿಸುವ ಗುಂಡು, ಹದ್ದು ಕೊಲ್ಲುವ ಸೀಸ

ಬೇಟೆಯ ಗುಂಡಿನ ಬಗ್ಗೆ ಈ ಪತ್ರಿಕೆಯಲ್ಲಿ ಬರೆಯುವುದು ಕೆಲವರಿಗೆ ಅಪಥ್ಯವಾಗಬಹುದು. ನಮ್ಮ ದೇಶದಲ್ಲಿ ವನ್ಯಜೀವಿ ಕಾಯ್ದೆಗೆ 1991ರಲ್ಲಿ ಆದ ತಿದ್ದುಪಡಿಯೊಡನೆ ಬೇಟೆಯ ಪರವಾನಗಿ ಪದ್ಧತಿ ಕೊನೆಗೊಂಡಿತು. ಅದು ಹಾಗೆಯೇ ಇರಲಿ. ಆದರೆ ಅಮೆರಿಕದ ಅನೇಕ ರಾಜ್ಯಗಳಲ್ಲಿ ತುಪ್ಪುಳಿಗಾಗಿ ನರಿ, ಕಯೋಟಿಗಳನ್ನು ರೈಫಲಿನಿಂದ ಕೊಲ್ಲುವುದು ಇಂದಿಗೂ ಕಾನೂನುಬದ್ಧ. ಅಲ್ಲಿನ ಬೇಟೆಗಾರನು ಗುಂಡನ್ನು ಆರಿಸುವ ರೀತಿಯನ್ನು ನಾವೂ ತಿಳಿದಿರಬೇಕು.

ತೊಗಲಿನ ವ್ಯಾಪಾರಿ ತೂತು ಕಂಡಲ್ಲಿ ಬೆಲೆ ಇಳಿಸುತ್ತಾನೆ. ಗುಂಡು ಹೊಕ್ಕ ಕಡೆ ಸಣ್ಣ ರಂಧ್ರವಾದರೆ, ಹೊರಬಿದ್ದ ಕಡೆ ದೊಡ್ಡ ಹರಕು. ಹಾಗಾಗಿ ಬೇಟೆಗಾರನಿಗೆ ಬೇಕಾದುದು ಒಳಹೊಕ್ಕು ಹೊರಬಾರದ ಗುಂಡು. 4.4 ಅಥವಾ 5.6 ಮಿಲಿಮೀಟರ್ ವ್ಯಾಸದ, ತೆಳು ತಾಮ್ರದ ಹೊದಿಕೆಯ, ಒಳಗೆ ಮೆದು ಸೀಸ ತುಂಬಿದ ಹಗುರ ಗುಂಡು ಅತಿವೇಗದಿಂದ ದೇಹವನ್ನು ಹೊಕ್ಕೊಡನೆ ಚೂರುಚೂರಾಗುತ್ತದೆ. ಪ್ರಾಣಿಯೂ ನರಳದೆ ಸಾಯುತ್ತದೆಂದು ಅವರು ವಾದಿಸುತ್ತಾರೆ. ಗುರಿ ತಪ್ಪದಿದ್ದರೆ ಅದು ನಿಜವೇ.

ಚರ್ಮ ಸುಲಿದ ಮೇಲೆ ಉಳಿಯುವ ದೇಹ ಯಾರಿಗೂ ಬೇಡ. ಮಾಂಸಕ್ಕಾಗಿ ಕೊಂದವನು ಬಹುಪಾಲನ್ನು ಮನೆಗೆ ಒಯ್ಯುತ್ತಾನೆ. ತುಪ್ಪುಳಿಗಾಗಿ ಕೊಂದವನು ಸಾಮಾನ್ಯವಾಗಿ ಎಲ್ಲವನ್ನೂ ಬಯಲಲ್ಲಿ ಬಿಟ್ಟುಹೋಗುತ್ತಾನೆ. ತೊಗಲನ್ನು ಉಳಿಸಿದ ಗುಂಡಿನ ಸೀಸವೆಲ್ಲವೂ ಆ ಹೆಣದಲ್ಲೇ ಇರುತ್ತದೆ. ಅದನ್ನು ಉಂಡ ಹಕ್ಕಿಯ ಜಠರರಸದಲ್ಲಿ ಸೀಸ ಕರಗಿ ರಕ್ತ ಸೇರುತ್ತದೆ. ಅನ್ನಾಂಗದ ಚಲನೆ ನಿಲ್ಲುತ್ತದೆ. ಗಂಟಲಚೀಲ ತುಂಬಿದ್ದರೂ ಹಕ್ಕಿ ಹಸಿವಿನಿಂದ ಸಾಯುತ್ತದೆ.

1982ರಲ್ಲಿ ಕೇವಲ 22ಕ್ಕೆ ಇಳಿದಿದ್ದ ಕ್ಯಾಲಿಫೋರ್ನಿಯಾದ ಕಾಂಡೋರ್ ರಣಹದ್ದುಗಳನ್ನು ಪಂಜರದಲ್ಲಿ ಮರಿಮಾಡಿಸಿ, 1992ರಿಂದ ಮತ್ತೆ ಕಾಡಿಗೆ ಬಿಡಲಾಯಿತು. ಬಿಟ್ಟ ಹಕ್ಕಿಗಳ ಸಾವಿಗೆ ಮೊದಲ ಕಾರಣವಾದುದು ಸೀಸವೇ. 38 ರಾಜ್ಯಗಳ 1,210 ಬಿಳಿತಲೆಯ ಹದ್ದು ಮತ್ತು ಹೊನ್ನ ಹದ್ದುಗಳನ್ನು ಕುರಿತು 2022ರಲ್ಲಿ ಪ್ರಕಟವಾದ ಅಧ್ಯಯನವು ಸುಮಾರು ಅರ್ಧದಷ್ಟರಲ್ಲಿ ದೀರ್ಘಕಾಲದ ಸೀಸಬಾಧೆಯನ್ನು ಕಂಡಿತು.

ಬದಲಿ ಇಲ್ಲವೆನ್ನುವಂತಿಲ್ಲ. ತಾಮ್ರ ಮತ್ತು ತವರದ ಪುಡಿಯನ್ನು ಒತ್ತಿ ಮಾಡಿದ ಗುಂಡುಗಳೂ ದೇಹದೊಳಗೆ ಹಾಗೆಯೇ ಪುಡಿಯಾಗುತ್ತವೆ, ತೊಗಲನ್ನೂ ಉಳಿಸುತ್ತವೆ. ಬೆಲೆ ಮಾತ್ರ ಹೆಚ್ಚು. ಕ್ಯಾಲಿಫೋರ್ನಿಯಾ 2013ರಲ್ಲಿ ಕಾನೂನು ಮಾಡಿ, 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸದ ಗುಂಡನ್ನು ನಿಷೇಧಿಸಿತು. ಅರಿಜೋನಾ ರಾಜ್ಯ 2005ರಿಂದ ಕಾಂಡೋರ್ ಸೀಮೆಯ ಬೇಟೆಗಾರರ ಮನವೊಲಿಸುವ ದಾರಿ ಹಿಡಿದು, ಸೀಸರಹಿತ ಗುಂಡುಗಳನ್ನು ಉಚಿತವಾಗಿ ಕೊಟ್ಟಿತು. ಸ್ವಂತ ಇಚ್ಛೆಯ ಮೇಲೆ ಬಿಟ್ಟರೆ ಅಗ್ಗದ ಗುಂಡೇ ಗೆಲ್ಲುತ್ತದೆಂಬ ಭಯ ನನ್ನದು. ಕಾನೂನಿನ ದಾರಿಯೇ ಸರಿ.

ದೂರದೇಶದ ಕಥೆಯೆಂದು ನಾವು ಕೈತೊಳೆಯುವಂತಿಲ್ಲ. ಹೆಣದೊಳಗಿನ ಡೈಕ್ಲೊಫೆನಾಕ್ ಎಂಬ ದನದ ಮದ್ದು ನಮ್ಮ ರಣಹದ್ದುಗಳನ್ನು ಹೇಗೆ ಅಳಿಸಿತೆಂಬುದನ್ನು ಕಂಡವರು ನಾವು. 2006ರಲ್ಲಿ ಜಾನುವಾರುಗಳಿಗೆ ಆ ಮದ್ದು ನಿಷಿದ್ಧವಾಗುವ ಹೊತ್ತಿಗೆ ಬಹುಪಾಲು ಹಕ್ಕಿಗಳು ಹೋಗಿದ್ದವು. ಬೆಳೆರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳು ಮಲೆನಾಡಿನ ಮನೆಗಳಲ್ಲಿವೆ. ಅವುಗಳ ತೋಟಾದಲ್ಲಿರುವುದೂ ಸಾಮಾನ್ಯವಾಗಿ ಸೀಸದ ಚರೆಯೇ. ಗದ್ದೆಗೋ ಕೆರೆಗೋ ಬಿದ್ದ ಚರೆಯನ್ನು ಬಾತುಗಳು ಹರಳುಕಲ್ಲೆಂದು ನುಂಗುತ್ತವೆ. ಈ ಕಾರಣಕ್ಕೇ ಅಮೆರಿಕ 1991ರಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು ನಿಲ್ಲಿಸಿತು. ತೋಟಕ್ಕೆ ನುಗ್ಗಿದ ಹಂದಿಯನ್ನು ಬೆದರಿಸುವುದಷ್ಟೇ ಉದ್ದೇಶವಾದರೆ ಚರೆಯಿಲ್ಲದ ಬರಿಯ ಮದ್ದಿನ ಸದ್ದು ಸಾಕು.