ಮೊದಲು ಮುಚ್ಚಿಗೆ ಕೋಣೆ, ಆಮೇಲೆ ಮೈಕು

ಹೋದ ವಾರ ನಮ್ಮ ಕನ್ನಡ ಸಂಘದ ಮೀಟಿಂಗಿನಲ್ಲಿ ಒಂದು ಮಾತು ಬಂತು. ಸಂಘದ ಹತ್ತಿರ ಮೂವತ್ತು ಸಾವಿರ ಚಿಲ್ಲರೆ ದುಡ್ಡು ಉಳಿದಿದೆ, ಅದರಲ್ಲಿ ಒಂದು ಒಳ್ಳೇ ಕಂಡೆನ್ಸರ್ ಮೈಕ್ ತಂದು ಕಾಲೇಜಿನಲ್ಲೇ ಸಣ್ಣ ಸ್ಟುಡಿಯೊ ಮಾಡೋಣ, ಭಾವಗೀತೆ, ಜನಪದ ಗೀತೆ ರೆಕಾರ್ಡ್ ಮಾಡೋಣ ಅಂತ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನೊಬ್ಬ ಕೈ ಎತ್ತಿ "ಕಂಡೆನ್ಸರ್ ಬೇಡ" ಅಂದೆ. "ಯಾಕೋ ಮಾರಾಯ, ನಿಂಗೇನು ಕಷ್ಟ?" ಅಂತ ಕೇಳಿದ್ರು. ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ ಅದು. ಅದಕ್ಕೇ ಇಲ್ಲಿ ಬರೀತಿದೀನಿ.

ನಮ್ಮ ಮನೆ ಇರೋದು ಕೊಟ್ಟಿಗೆಹಾರ ದಾಟಿ ಕಳಸದ ಕಡೆ ಹೋಗುವ ದಾರಿಯಲ್ಲಿ. ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ. ನಮ್ಮಜ್ಜಿ ಸೋಬಾನೆ ಹಾಡೋರು. ಸುತ್ತಮುತ್ತ ಮದುವೆ ಅಂದ್ರೆ ಅಜ್ಜಿಗೆ ಕರೆ ಬರ್ತಿತ್ತು. ಬಳೆ ತೊಡಿಸುವಾಗ ಒಂದು ಹಾಡು, ಹೆಣ್ಣು ಒಪ್ಪಿಸುವಾಗ ಒಂದು, ಗದ್ದೆ ನಾಟಿಗೆ ಬೇರೆ. ಯಾವುದೂ ಪುಸ್ತಕದಲ್ಲಿಲ್ಲ, ಎಲ್ಲಾ ಬಾಯಲ್ಲೇ.

ಎರಡನೇ ವರ್ಷದಲ್ಲಿ ಕೂಡಿಟ್ಟ ಹದಿನಾಲ್ಕು ಸಾವಿರ ಸುರಿದು ಒಂದು ಕಂಡೆನ್ಸರ್ ಮೈಕು, ಒಂದೇ ಮೈಕು ಹಿಡಿಸುವ ಸಣ್ಣ ಆಡಿಯೊ ಇಂಟರ್‌ಫೇಸ್ ತಗೊಂಡೆ. ಆರು ತಿಂಗಳು ವಿಡಿಯೊ ನೋಡಿ ಆರಿಸಿದ್ದು. ಆ ವಿಡಿಯೊ ಮಾಡಿದವರ ಕೋಣೆಗಳಲ್ಲಿ ಮಳೆ ಬರಲ್ಲ ಅನ್ನೋದು ಹೊಳೆಯಲಿಲ್ಲ. ಜೂನ್‌ನಲ್ಲಿ ಮನೆಗೆ ತಂದು, ನಡುಮನೆಯಲ್ಲಿ ಅಜ್ಜಿಯನ್ನು ಕೂರಿಸಿ, ಎರಡು ಅಡಿ ದೂರದಲ್ಲಿ ಮೈಕಿಟ್ಟು ರೆಕಾರ್ಡ್ ಒತ್ತಿದೆ. ಕೇಳಿಸಿಕೊಂಡರೆ ಹಿತ್ತಲಿನ ತಗಡಿನ ಮೇಲೆ ಮಳೆ, ಹೊರಗೆ ಜೀರುಂಡೆ, ಫ್ರಿಜ್ಜಿನ ಗುಂಯ್, ಜಗಲಿಯಲ್ಲಿ ಅಪ್ಪನ ಕೆಮ್ಮು. ಎಲ್ಲದರ ಹಿಂದೆ ಎಲ್ಲೋ ಅಜ್ಜಿ. ಹೆಡ್‌ಫೋನ್ ಹಾಕಿ ಕೇಳಿಸಿದೆ. "ಎಂಥದ್ದೋ ಇದು, ನನಗಿಂತ ಮಳೆನೇ ಚೆನ್ನಾಗಿ ಹಾಡಿದೆ" ಅಂದ್ರು.

ಜುಲೈ ಹೊತ್ತಿಗೆ ಮೈಕಿನಲ್ಲಿ ಚಟಪಟ ಸದ್ದು ಶುರುವಾಯ್ತು. ಕೆಟ್ಟ ಮಾಲು ಕೊಟ್ಟಿದಾರೆ ಅಂತ ಅಂಗಡಿಯವರನ್ನ ಬೈಕೊಂಡೆ. ಆಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಎರಡು ದಿನ ಇಟ್ಟರೆ ಸದ್ದು ಮಾಯ! ಕಾರಣ ನಮ್ಮ ಸಿಲಬಸ್ಸಿನಲ್ಲೇ ಇದೆ. ಕಂಡೆನ್ಸರ್ ಮೈಕಿನ ಒಳಗಿರೋದು ಒಂದು ಕೆಪಾಸಿಟರ್. ತೆಳ್ಳನೆಯ ಪೊರೆ ಒಂದು ತಟ್ಟೆ, ಅದರ ಹಿಂದಿನ ಲೋಹ ಇನ್ನೊಂದು ತಟ್ಟೆ. ಪೊರೆ ಅಲುಗಾಡಿದಾಗ ಕೆಪಾಸಿಟೆನ್ಸ್ ಬದಲಾಗಿ ಸಿಗ್ನಲ್ ಹುಟ್ಟುತ್ತೆ. ಆ ಜಾಗದ ಇಂಪೀಡೆನ್ಸ್ ಬಹಳ ಹೆಚ್ಚು. ತೇವ ಕೂತರೆ ಚಾರ್ಜ್ ಸೋರುತ್ತೆ, ಸೋರಿದ್ದು ಚಟಪಟ ಅಂತ ಕೇಳುತ್ತೆ. ಡೈನಮಿಕ್ ಮೈಕಿನಲ್ಲಿ ಈ ತಾಪತ್ರಯ ಇಲ್ಲ. ಪೊರೆಗೆ ಅಂಟಿದ ತಂತಿಸುರುಳಿ ಆಯಸ್ಕಾಂತದ ನಡುವೆ ಅಲುಗಾಡುತ್ತೆ, ಫ್ಯಾರಡೆ ನಿಯಮದಂತೆ ವೋಲ್ಟೇಜ್ ಹುಟ್ಟುತ್ತೆ. ಕಂಡೆನ್ಸರ್‌ಗೆ ಬೇಕಾಗುವ 48 ವೋಲ್ಟಿನ ಫ್ಯಾಂಟಮ್ ಪವರ್ ಕೂಡ ಇದಕ್ಕೆ ಬೇಡ. ಊರಿನ ಜಾತ್ರೆ, ನಾಟಕ, ರಾಜಕೀಯ ಭಾಷಣ ಎಲ್ಲಾ ಕಡೆ ಕಾಣೋದು ಈ ಜಾತಿಯ ಮೈಕೇ. ಶೂರ್ ಕಂಪನಿಯ ಎಸ್‌ಎಂ58 ಬಂದದ್ದು 1966ರಲ್ಲಿ, ಇವತ್ತಿಗೂ ಅದೇ ಹೆಸರಲ್ಲಿ ಮಾರಾಟ ಆಗ್ತಿದೆ.

"ಮಳೆಗಾಲ ಮುಗೀಲಿ ಅಜ್ಜಿ, ದೀಪಾವಳಿಗೆ ಸರಿಯಾಗಿ ಮಾಡೋಣ" ಅಂದೆ. "ಆಯ್ತು ಮಗಾ" ಅಂದ್ರು. ಅಕ್ಟೋಬರ್‌ನಲ್ಲಿ ಅಜ್ಜಿಗೆ ನ್ಯುಮೋನಿಯಾ ಆಯ್ತು. ಹುಷಾರಾಗಿ ಮನೆಗೆ ಬಂದ್ರು, ಆದರೆ ಉಸಿರು ಮೊದಲಿನ ಹಾಗಿಲ್ಲ. ಒಂದು ಸಾಲು ಕೊನೆಯವರೆಗೆ ಎಳೆಯೋಕಾಗಲ್ಲ. ಅಜ್ಜಿಯ ಪೂರ್ತಿ ದನಿಯಲ್ಲಿ ನಮ್ಮ ಹತ್ತಿರ ಈಗ ಇರೋದು ಮೂರೇ ಹಾಡು. ಅದೂ ಹಿಂದಿನ ವರ್ಷ ತಂಗಿ ತಮಾಷೆಗೆ ಅಡುಗೆಮನೆಯಲ್ಲಿ ಫೋನು ಹಿಡಿದು ಮಾಡಿದ್ದು. ಒಂದರ ಮಧ್ಯೆ ಕುಕ್ಕರ್ ಸೀಟಿ ಇದೆ.

ತಪ್ಪು ಮೈಕಿನದ್ದಲ್ಲ, ನನ್ನದು. ಸಾಮಾನು ಸರಿಯಾದ ಮೇಲೆ ಹಾಡು ಅಂದುಕೊಂಡು ಕೂತೆ. ಸಂಘ ಕೂಡ ಅದೇ ದಾರಿ ಹಿಡಿಯೋದು ಬೇಡ.

ಹಾಗಾದರೆ ಮೊದಲು ಏನು ಆರಿಸಬೇಕು? ಕೋಣೆ. ಹಳೇ ಮಲೆನಾಡಿನ ಮನೆಗಳಲ್ಲಿ ಮುಚ್ಚಿಗೆ ಹಾಕಿದ ಒಂದು ಕತ್ತಲೆ ಕೋಣೆ ಇರುತ್ತಲ್ಲ, ದಪ್ಪ ಮಣ್ಣಿನ ಗೋಡೆ, ಮೇಲೆ ಹಲಗೆ, ಅದರ ಮೇಲೆ ಮಣ್ಣು, ಆಮೇಲೆ ಹೆಂಚು? ಅದಕ್ಕಿಂತ ಒಳ್ಳೇ ಸ್ಟುಡಿಯೊ ಯಾವ ಅಂಗಡಿಯಲ್ಲೂ ಸಿಗಲ್ಲ. ಹೊರಗಿನ ಸದ್ದನ್ನು ತಡೆಯೋದು ತೂಕ. ಕಂಬಳಿ, ಹಾಸಿಗೆ, ಖಾಲಿ ಗೋಣಿಚೀಲ ಇವೆಲ್ಲ ಕೋಣೆಯೊಳಗಿನ ಪ್ರತಿಧ್ವನಿ ಹೀರ್ತಾವೆ ಅಷ್ಟೇ, ಮಳೆಯನ್ನು ತಡೆಯಲ್ಲ. ಮೊಟ್ಟೆ ಟ್ರೇ ಗೋಡೆಗೆ ಅಂಟಿಸುವವರಿಗೆ ಒಂದು ಮಾತು: ಅದು ಹೆಚ್ಚುಕಮ್ಮಿ ಏನೂ ಮಾಡಲ್ಲ, ಜಿರಳೆ ಮಾತ್ರ ಬರ್ತಾವೆ.

ಎರಡನೆಯದು ದೂರ. ಮೈಕು ಮತ್ತು ಬಾಯಿಯ ನಡುವಿನ ದೂರ ಅರ್ಧಕ್ಕೆ ಇಳಿದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತೆ. 60 ಸೆಂಟಿಮೀಟರಿನಿಂದ 15ಕ್ಕೆ ತಂದರೆ 12 ಡೆಸಿಬೆಲ್. ಮಳೆ ಮಾತ್ರ ಇದ್ದಷ್ಟೇ ಇರುತ್ತೆ. ಒಂದು ಪೈಸೆ ಖರ್ಚಿಲ್ಲದೆ ಹಾಡು ಮುಂದೆ ಬಂತು, ಮಳೆ ಹಿಂದೆ ಹೋಯ್ತು. 1902ರಲ್ಲಿ ಗೌಹರ್ ಜಾನ್ ಕಲ್ಕತ್ತೆಯ ಹೋಟೆಲ್ ಕೋಣೆಯೊಂದರಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದಾಗ ಮೈಕೇ ಇರಲಿಲ್ಲ. ಮೈಕಿನಿಂದ ರೆಕಾರ್ಡ್ ಮಾಡುವ ಪದ್ಧತಿ ಶುರುವಾದದ್ದು 1925ರಲ್ಲಿ. ಆಕೆ ಕಹಳೆಯಂಥ ಕೊಳವೆಗೆ ಬಾಯಿ ಹತ್ತಿರ ತಂದು ಗಟ್ಟಿಯಾಗಿ ಹಾಡಬೇಕಿತ್ತು. ಆ ದನಿ ಇವತ್ತಿಗೂ ಕೇಳ್ತಿದೆ.

ಇನ್ನು ದುಡ್ಡಿನ ಲೆಕ್ಕ. ಒಂದು ದುಬಾರಿ ಮೈಕಿನ ಬದಲು ಎರಡು ಸಾಧಾರಣ ಡೈನಮಿಕ್ ಮೈಕು ತಗೊಳ್ಳೋಣ. ಎಸ್‌ಎಂ58 ಒಂದಕ್ಕೇ ಹತ್ತು ಸಾವಿರದ ಹತ್ತಿರ ಆಗುತ್ತೆ. ಅದೇ ಜಾತಿಯ ಬೆಹ್ರಿಂಗರ್ ಎಕ್ಸ್‌ಎಂ8500 ಅದರ ಕಾಲು ಭಾಗದ ಆಸುಪಾಸಿಗೆ ಸಿಗುತ್ತೆ, ಕಲಿಯೋರಿಗೆ ಧಾರಾಳ ಸಾಕು. ಎರಡೇ ಯಾಕೆ ಅಂದ್ರೆ ನಮ್ಮ ಕಡೆಯ ಹಾಡು ಒಬ್ಬರದ್ದಲ್ಲ. ಸೋಬಾನೆಯಲ್ಲಿ ಒಬ್ಬರು ಎತ್ತಿಕೊಡ್ತಾರೆ, ಉಳಿದವರು ಸೊಲ್ಲು ಹಿಡೀತಾರೆ. ದೀಪಾವಳಿಗೆ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ-ಪಿಂಟಿಗೆಯವರಲ್ಲೂ ಹಾಗೇ. ಹೇಳುವವರಿಗೆ ಒಂದು ಮೈಕು, ಸೊಲ್ಲು ಹಿಡಿಯುವವರಿಗೆ ಒಂದು. ಹಾಗಾಗಿ ಇಂಟರ್‌ಫೇಸ್ ಕೂಡ ಎರಡು ಮೈಕು ಹಿಡಿಸುವಂಥದ್ದೇ ಬೇಕು, ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ತರದ್ದು. ದುಡ್ಡಿನ ದೊಡ್ಡ ಪಾಲು ಇದಕ್ಕೇ ಹೋಗಲಿ. ನೇರ ಲ್ಯಾಪ್‌ಟಾಪಿಗೆ ಚುಚ್ಚುವ ಯುಎಸ್‌ಬಿ ಮೈಕು ಒಬ್ಬರಿಗೆ ಸುಲಭ, ಆದರೆ ಎರಡನ್ನು ಒಟ್ಟಿಗೆ ಸೇರಿಸೋದು ತಲೆನೋವು.

ಇಂಥ ಸಣ್ಣ ಇಂಟರ್‌ಫೇಸ್‌ಗಳು ಯುಎಸ್‌ಬಿ ಕರೆಂಟಿನಲ್ಲೇ ನಡೀತಾವೆ. ಲೈನ್ ಮೇಲೆ ಮರ ಬಿದ್ದು ಕರೆಂಟು ಹೋದ್ರೂ ಬ್ಯಾಟರಿಯಲ್ಲಿ ಕೆಲಸ ಆಗುತ್ತೆ. ಕರೆಂಟು ಇದ್ದಾಗಲೂ ರೆಕಾರ್ಡಿಂಗ್ ಹೊತ್ತಲ್ಲಿ ಚಾರ್ಜರ್ ಕಿತ್ತುಬಿಡಿ. ಅರ್ಥಿಂಗ್ ಸರಿ ಇಲ್ಲದ ಮನೆಗಳಲ್ಲಿ ಬರುವ ಗುಂಯ್ ಸದ್ದು ಬಹಳ ಸಲ ಅಲ್ಲಿಗೇ ನಿಲ್ಲುತ್ತೆ. ಉಳಿದ ದುಡ್ಡಿಗೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು, ಎರಡು ಸ್ಟ್ಯಾಂಡು, ಕೇಬಲ್ಲು, ಸ್ಪಂಜಿನ ಟೋಪಿ. ಸ್ಪೀಕರ್ ಸದ್ಯಕ್ಕೆ ಬೇಡ. ಸಾಫ್ಟ್‌ವೇರಿಗೆ ದುಡ್ಡು ಕೊಡೋದೂ ಬೇಡ, ಅಡಾಸಿಟಿ ಪುಕ್ಕಟೆ. 24 ಬಿಟ್, 44.1 ಕಿಲೊಹರ್ಟ್ಸ್‌ನಲ್ಲಿ ಒಂದು ಮೈಕಿನ ಒಂದು ಗಂಟೆ ಹಾಡು ಅರ್ಧ ಜಿಬಿಯೊಳಗೆ ಹಿಡಿಯುತ್ತೆ. ಹಾಡಿನ ಎತ್ತರದ ಜಾಗದಲ್ಲೂ ಮೀಟರ್ ಮೈನಸ್ 12ರ ಹತ್ತಿರ ನಿಲ್ಲಲಿ. ದನಿ ಆಮೇಲೆ ಏರಿಸಬಹುದು, ಒಡೆದುಹೋದದ್ದನ್ನು ಸರಿ ಮಾಡೋಕಾಗಲ್ಲ.

"ಕಂಡೆನ್ಸರ್‌ನಲ್ಲಿ ಬರುವಷ್ಟು ಸೂಕ್ಷ್ಮ ಡೈನಮಿಕ್‌ನಲ್ಲಿ ಬರಲ್ಲ" ಅಂತ ಗೆಳೆಯರು ಹೇಳ್ತಾರೆ. ನಿಜ. ಎಸ್‌ಎಂ58 ಹಿಡಿಯೋದೇ 50ರಿಂದ 15,000 ಹರ್ಟ್ಸ್‌ವರೆಗೆ. ತಂಬೂರಿ, ಗಿಟಾರ್ ತಂತಿಯ ಮೇಲಿನ ಮಿನುಗು ಅದರಲ್ಲಿ ಮಸುಕು. ಸಣ್ಣ ದನಿಯವರಿಗೆ ಗೇನ್ ಜಾಸ್ತಿ ಕೊಡಬೇಕು, ದೂರ ಇಟ್ಟರೆ ಹಿಸ್ ಬರುತ್ತೆ. ಜನವರಿಯ ಒಣ ಹವೆಯಲ್ಲಿ, ಪಲ್ಪರ್ ನಿಂತ ರಾತ್ರಿ, ಒಳ್ಳೇ ಕೋಣೆಯಲ್ಲಿ ನಾನೂ ಕಂಡೆನ್ಸರನ್ನೇ ಹಿಡೀತೀನಿ. ಆದರೆ ಅದು ಎರಡನೇ ವರ್ಷದ ಖರ್ಚು. ಪಾರ್ಚ್‌ಮೆಂಟ್ ಕಾಫಿಯ ತೇವಾಂಶ ಶೇಕಡಾ 10ರ ಹತ್ತಿರ ಬರುವವರೆಗೆ ಕಣದಲ್ಲಿ ಕಾಯುವ ನಮಗೆ, ಮೈಕಿಗೂ ಒಣ ಡಬ್ಬಿ ಬೇಕು ಅಂತ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಮುಖ್ಯವಾಗಿ ಇದೆಲ್ಲ ಕಾಲೇಜಿನ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರಬಾರದು. ಒಂದೇ ಬ್ಯಾಗಿಗೆ ಹಿಡಿಯುವ ಸಾಮಾನು ಇದು. ಲೈಬ್ರರಿ ಪುಸ್ತಕದ ಹಾಗೆ ರಿಜಿಸ್ಟರಿನಲ್ಲಿ ಬರೆದು ಹದಿನೈದು ದಿನಕ್ಕೆ ಒಬ್ಬರು ಊರಿಗೆ ಒಯ್ಯಲಿ. ಹಾಡುವವರ ಒಪ್ಪಿಗೆ ಕೇಳಿ, ಅವರ ಹೆಸರು, ಊರು, ತಾರೀಕು ಅವರ ಬಾಯಲ್ಲೇ ಮೊದಲು ಹೇಳಿಸಿ. ಒಂದು ಪ್ರತಿ ಅವರ ಮನೆಯವರ ಫೋನಿಗೆ ಹಾಕಿಕೊಟ್ಟೇ ಬನ್ನಿ. ಬ್ಯಾಗು ಸಿಗುವವರೆಗೆ ಫೋನಿನಲ್ಲೇ ಮಾಡಿ, ಆದರೆ ಈ ವಾರವೇ ಮಾಡಿ.

ಹೋದ ತಿಂಗಳು ಗೆಳೆಯನ ಡೈನಮಿಕ್ ಮೈಕು ಸಾಲ ತಂದು, ಅಜ್ಜಿಯನ್ನು ಮುಚ್ಚಿಗೆ ಕೋಣೆಯಲ್ಲಿ ಕೂರಿಸಿ, ನಾಲ್ಕು ಬೆರಳು ದೂರದಲ್ಲಿ ಮೈಕಿಟ್ಟೆ. ಹೊರಗೆ ಮಳೆ ಬರ್ತಿತ್ತು. ಅಜ್ಜಿ ಅರ್ಧ ಸಾಲು ಹಾಡಿ ನಿಲ್ಲಿಸ್ತಿದ್ರು, ಉಳಿದರ್ಧ ಬರೀ ಮಾತಲ್ಲಿ ಹೇಳ್ತಿದ್ರು, ಅಮ್ಮ ಅದನ್ನು ಎತ್ತಿಕೊಂಡು ಹಾಡ್ತಿದ್ರು. ಹೀಗೆ ಐದು ಹಾಡು ಆಯ್ತು. ಇನ್ನೂ ಎಷ್ಟಿವೆ ಅಂತ ಕೇಳಿದ್ದಕ್ಕೆ "ನೆನಪಾದಾಗ ಹೇಳ್ತೀನಿ, ನೀನು ಬಂದಾಗೆಲ್ಲ ತಗೊಂಡು ಬಾ" ಅಂದಿದಾರೆ. ಸಂಘದ ಬ್ಯಾಗಿಗೆ ನನ್ನದು ಮೊದಲನೇ ಹೆಸರು ಬರ್ಕೊಳ್ಳಿ.